ಐಸ್ ಮನೆಯ ಗೋಡೆ

ನಾನು ಬೋರ್ಡು ಬರೆಯುವವನು, ಓಡಿವೂರ್.
ಆಚೆ ದಡ ಕಾಣದ ವಿಕ್ಟೋರಿಯಾ ಸರೋವರದ ಮಗ್ಗುಲಲ್ಲಿ
ನಮ್ಮ ಮೀನುಪೇಟೆಗೆ ಬಣ್ಣ ಕೊಟ್ಟವನು:
ಕ್ಷೌರದಂಗಡಿಗೆ ಬಾಚಣಿಗೆ, ಔಷಧದಂಗಡಿಗೆ ಹಾವು,
ದೋಣಿಗಳ ಮೂತಿಗೆ ದೇವರ ಹೆಸರು, ಇಲ್ಲವೇ ಹೆಂಡತಿಯ ಹೆಸರು,
ಆ ತಿಂಗಳು ಯಾರು ಹೆಚ್ಚು ಮುನಿದಿದ್ದರೋ ಅವರದು.

ಒಂದು ಸೋಮವಾರ ಅಪೊಂಡಿ ಬಂದಳು,
ಕೌಂಟಿ ಸಭೆಗೆ ನಾವೇ ಆರಿಸಿ ಕಳಿಸಿದವಳು.
ಕಂಕುಳಲ್ಲಿ ಕಡತ, ಚಪ್ಪಲಿಗಂಟಿದ ಮೀನಿನ ಹುರುಪೆ.
"ಐಸ್ ಮನೆಯ ಗೋಡೆ ಖಾಲಿ ಇದೆಯಲ್ಲ, ಅಲ್ಲಿ ಬರಿ."
ಏನು ಬರೆಯಲಿ?
"ಲೆಕ್ಕ."

ಐಸ್ ಮನೆಯೆಂದರೆ ಹೆಸರಿಗೆ.
ಕಟ್ಟಿ ನಾಲ್ಕು ವರ್ಷವಾದರೂ ಅಲ್ಲಿ
ಒಂದು ಲೋಟಕ್ಕೆ ಹಾಕುವಷ್ಟು ಐಸು ಹುಟ್ಟಲಿಲ್ಲ.
ನಮ್ಮ ಮೀನು ಮಧ್ಯಾಹ್ನಕ್ಕೇ ನಾರುತ್ತದೆ,
ಸಂಜೆಯ ಬೆಲೆಯನ್ನು ನೊಣಗಳೇ ಕಟ್ಟುತ್ತವೆ.

ಆ ಕಾಗದವನ್ನು ಹದಿನಾಲ್ಕು ಸಲ ಕೇಳಿದಳಂತೆ.
ಮೊದಲು ಬೀರುವಿನ ಕೀಲಿ ಸಿಗಲಿಲ್ಲ,
ಆಮೇಲೆ ಕೀಲಿಯವನು ಸಿಗಲಿಲ್ಲ,
ಆಮೇಲೆ ಗೆದ್ದಲು. ಆಮೇಲೆ ಮಳೆ.
ಯಾವೂರ ಖರ್ಚೋ ಆ ಊರ ಗೋಡೆಯ ಮೇಲೆ ಇರಲಿ
ಎಂದೊಂದು ಮಸೂದೆ ತಂದಳು; ಏಳು ಕೈ ಎದ್ದವು,
ಉಳಿದ ಕೈಗಳು ಮೇಜಿನ ಕೆಳಗೇ ಇದ್ದವು.
ಸ್ಪೀಕರ್ ಕನ್ನಡಕ ಒರೆಸುತ್ತ ಹೇಳಿದರಂತೆ,
"ಮನೆಯ ಮಾತು ಬೀದಿಗೆ ತರಬಾರದು, ತಾಯಿ."
"ಮನೆ ಕಟ್ಟಿಸಿದ್ದೇ ಬೀದಿಯವರು" ಅಂದಳು ಇವಳು.
ಮೂರು ವಾರ ಹೊರಗೆ ಹಾಕಿದರು.

ಬರೆದೆ. ಒಂಬತ್ತು, ಮೂರು, ಆಮೇಲೆ ಐದು ಸೊನ್ನೆ.
ಸೊನ್ನೆ ಬಲು ಕಷ್ಟ, ತಿಳಿಯದವರಿಗೆ ಹೇಳುತ್ತೇನೆ:
ಹೊರಟಲ್ಲಿಗೇ ಬಂದು ಸೇರಬೇಕು ಕುಂಚ.
ಹಣ ಹಾಗಲ್ಲ.
ಬಾಗಿಲಿಗಿಷ್ಟು, ಫ್ಯಾನಿಗಿಷ್ಟು, ಎರಡು ಕಂಪ್ರೆಸರ್,
ಉದ್ಘಾಟನೆಯ ಗುಡಾರ, ಗುಡಾರದೊಳಗಿನ ಊಟ.

ಒಣಮೀನಿನ ವಿಲ್ಕಿಸ್ಟಾ ಅಜ್ಜಿಗೆ ಓದು ಬಾರದು,
ನನ್ನಿಂದ ಸಾಲುಸಾಲಾಗಿ ಓದಿಸಿಕೊಂಡಳು.
ಬಾಗಿಲ ಸಂದಿಗೆ ಕಣ್ಣಿಟ್ಟು ಬಹಳ ಹೊತ್ತು ನಿಂತಳು.
"ಎರಡು ಇವೆಯಪ್ಪಾ, ಸುಳ್ಳಲ್ಲ. ಒಂದಕ್ಕೆ ಗಡ್ಡ ಇದೆ,
ಇನ್ನೊಂದು ಹಾಲು ಕೊಡುವಂತಿದೆ."
ಪೇಟೆಗೆ ಪೇಟೆಯೇ ನಕ್ಕಿತು, ಒಳಗಿನ ಮೇಕೆಗಳು ಬೆಚ್ಚಿದವು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.
ಬೇಕು.
ಅಂಗೈ ನಮ್ಮದು, ಮುಷ್ಟಿ ಹಿಡಿದವರು ಬೇರೆಯವರು.

ಒಂದು ರಾತ್ರಿ ಯಾರೋ ಡಾಂಬರು ಎರಚಿ ಹೋದರು.
ಮತ್ತೆ ಬರೆದೆ. ಈ ಸಲ ಜನ ಸುತ್ತ ನಿಂತು
ತಪ್ಪಿದ ಅಂಕಿಯನ್ನು ತಾವೇ ತಿದ್ದಿದರು, ಬಾಯಿಪಾಠದಿಂದ.
ಆಗಲೇ ಸೈಕಲ್ ಬಾಡಿಗೆಯ ಹುಡುಗ ಒಡೆರೊ,
ಒಂದು ಕಾಲು ಪೆಡಲಿನ ಮೇಲೆ, ಕೇಳಿದ್ದು:
"ಅಕ್ಕಾ, ಹೊರಗೆ ಹಾಕಿದ ಆ ಮೂರು ವಾರ
ನಿಮ್ಮ ಭತ್ಯೆ ಬಂತೋ, ನಿಂತಿತೋ?"

ಅಪೊಂಡಿ ಸರೋವರದ ಕಡೆ ನೋಡಿದಳು.
ಅಲ್ಲಿ ನೋಡುವಂಥದು ಏನೂ ಇರಲಿಲ್ಲ,
ಒಂದು ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು.
"ಬಂತು," ಅಂದಳು. "ಗುಮಾಸ್ತ ಹಾಕಿದ, ನಾನು ಕೇಳಲಿಲ್ಲ."
ಸ್ವಲ್ಪ ತಡೆದು, "ಕೇಳಬೇಕಿತ್ತು."
ನನ್ನ ಕಡೆ ತಿರುಗಿ, "ಬರಿ."

ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಶುರು ಮಾಡಿದೆ,
ಅವಳ ಮೇಲಿನ ಅಕ್ಕರೆಯಿಂದ.
ಮೊಣಕೈ ಹಿಡಿದು ನಿಲ್ಲಿಸಿದಳು.
"ಅವರ ಸೊನ್ನೆ ಎಷ್ಟು ದಪ್ಪವೋ
ನನ್ನದೂ ಅಷ್ಟೇ ದಪ್ಪ."

ಐಸು ಇನ್ನೂ ಬಂದಿಲ್ಲ.
ಬಂದದ್ದು ಒಬ್ಬ ಅಧಿಕಾರಿ, ಗೋಡೆಯ ಫೋಟೋ ತೆಗೆದು,
ಮೀನು ಕೊಂಡು, ರಸೀದಿ ಕೇಳಿ ಹೋದ. ಅದೇ ಹೊಸದು.
ಬರುವ ಆಗಸ್ಟಿಗೆ ಚುನಾವಣೆ. ಅವಳು ಗೆಲ್ಲುವುದು ಅನುಮಾನ ಅನ್ನುತ್ತಾರೆ,
ಭತ್ಯೆಯ ಸಾಲನ್ನೇ ತೋರಿಸಿ ನಗುವವರೂ ಇದ್ದಾರೆ.

ಗೋಡೆಯ ಬುಡದಲ್ಲಿ ಒಂದು ಗೇಣು ಜಾಗ ಉಳಿದಿದೆ.
ಬಣ್ಣದ ಬಿಲ್ಲಿನಲ್ಲಿ ನಾನು
ಒಂದು ಡಬ್ಬ ನೀಲಿ ಹೆಚ್ಚಾಗಿ ಬರೆದಿದ್ದೆ.
ನನ್ನ ಭಾವನ ದೋಣಿ ನೀಲಿ.
ಯಾರೂ ಕೇಳಿಲ್ಲ.
ಗಡ್ಡದ ಮೇಕೆ ಅಲ್ಲೇ ಬೆನ್ನು ಉಜ್ಜುತ್ತಿದೆ;
ಅದು ಸರಿಯಲಿ ಎಂದು ಕಾದಿದ್ದೇನೆ,
ಕುಂಚ ನೆನೆಸಿಟ್ಟು.